ಜೀಪೋ ಜಿಪ್ಸಿಯೋ: ಬ್ರ್ಯಾಂಡ್ ಪ್ರೀತಿಯನ್ನು ಗಾಡಿಯ ಕೆಳಗೆ ಮಲಗಿ ಪರೀಕ್ಷಿಸುವ ಬಗೆ

ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರದ ಕಡೆ ಒಂದು ಮನೆಗೆ ಒಮ್ಮೆ ಯಾವ ಕಂಪನಿಯ ಗಾಡಿ ಬಂತೋ, ಮುಂದಿನ ತಲೆಮಾರಿಗೂ ಸಾಮಾನ್ಯವಾಗಿ ಅದೇ. ಅಜ್ಜನ ಮಹೀಂದ್ರ ಎಂಎಂ 540 ಜೀಪು ಶೆಡ್ಡಿನಲ್ಲಿದ್ದರೆ ಮೊಮ್ಮಗ ಅದೇ ಕಂಪನಿಯ ಥಾರ್ ನೋಡುತ್ತಾನೆ. ಅಪ್ಪ ಮಾರುತಿ ಜಿಪ್ಸಿ ಓಡಿಸಿದ್ದರೆ ಮಗ ಮಾರುತಿಯ ಜಿಮ್ನಿ ಬಂದ ದಿನವೇ ಶೋರೂಮಿಗೆ ಹೋಗುತ್ತಾನೆ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿಗೆ ಇಳಿದರೆ ಈ ಹಟ ಇಷ್ಟಿಲ್ಲ. ಅಲ್ಲಿ ರಸ್ತೆ ನೆಟ್ಟಗಿದೆ, ಗಾಡಿ ಕೆಟ್ಟರೆ ಎಳೆದೊಯ್ಯಲು ಇನ್ನೊಂದು ಗಾಡಿ ಬರುತ್ತದೆ, ಹಾಗಾಗಿ ಮಾತು ಮೈಲೇಜಿನ ಸುತ್ತಲೇ ತಿರುಗುತ್ತದೆ. ಮಲೆನಾಡಿನಲ್ಲಿ ಜುಲೈ ಮಳೆಗೆ ತೋಟದ ಕೆಳಗಿನ ಹಳ್ಳದ ಹತ್ತಿರ ನಿಂತ ಗಾಡಿಯನ್ನು ಅಲ್ಲೇ ಬಿಚ್ಚಿ ಅಲ್ಲೇ ಕಟ್ಟಬೇಕು. ಯಾವುದು ಹೇಗೆ ಕೆಡುತ್ತದೆ ಎಂದು ಮೊದಲೇ ಗೊತ್ತಿರುವ ಗಾಡಿಯೇ ಇಲ್ಲಿ ಒಳ್ಳೆಯ ಗಾಡಿ. ನಿಷ್ಠೆಯ ಬೇರು ಇರುವುದು ಅಲ್ಲೇ.

ಆದರೆ ಆ ನಿಷ್ಠೆಯನ್ನೇ ನಂಬಿ ಕಣ್ಣು ಮುಚ್ಚಿ ಸೆಕೆಂಡ್ ಹ್ಯಾಂಡ್ ಗಾಡಿ ತಂದರೆ ಕೈ ಸುಡುತ್ತದೆ. ತೋಟಕ್ಕೋ ಹವ್ಯಾಸಕ್ಕೋ ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವವರು ಯಾವ ಕ್ರಮದಲ್ಲಿ ಏನೇನು ನೋಡಬೇಕು ಎಂಬುದು ಕೆಳಗಿದೆ.

ಮೊದಲು ನಿಮ್ಮ ಪ್ರೀತಿ ಯಾವುದರ ಮೇಲೆ ಅಂತ ಬಿಡಿಸಿಕೊಳ್ಳಿ

ಮುಂದಿನ ಜಾಲರಿಯ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಸಾಮಾನು ಬದಲಾಗುತ್ತಲೇ ಬಂದಿದೆ. ಮಹೀಂದ್ರ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಿ ಮಾರುವುದರಿಂದ ಶುರುಮಾಡಿತು. ಸಿಜೆ 3ಬಿಯಲ್ಲಿ ಇದ್ದದ್ದು ಹರಿಕೇನ್ ಪೆಟ್ರೋಲ್ ಎಂಜಿನ್. 1980ರ ದಶಕದ ಎಂಎಂ 540ಗೆ ಬಂದದ್ದು ಫ್ರಾನ್ಸಿನ ಪೂಜೋ ವಿನ್ಯಾಸದ 2112 ಸಿಸಿ ಡೀಸೆಲ್. ಆಮೇಲಿನ ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್ ಗಾಡಿಗಳಲ್ಲಿ 2523 ಸಿಸಿ ಎಂಜಿನ್. 2010ರ ಥಾರ್ ಸಿಆರ್‌ಡಿಇಗೆ ಮುಂದೆ ಒಂದೇ ತುಂಡಿನ ಆಕ್ಸಲ್ ಹೋಗಿ, ಎಡಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಟಾರ್ಷನ್ ಬಾರ್ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ಹಿಂದೆ ಮಾತ್ರ ಲೀಫ್ ಸ್ಪ್ರಿಂಗ್ ಉಳಿಯಿತು. 2020ರ ಥಾರ್‌ನಲ್ಲಿ ಹಿಂದಿನ ಲೀಫ್ ಕೂಡ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಅಜ್ಜನ ಜೀಪಿನ ನಾಲ್ಕು ಬೋಲ್ಟು ಕೂಡ ಅದಕ್ಕೆ ಹೊಂದುವುದಿಲ್ಲ.

ಮಾರುತಿ ಕಡೆಯಲ್ಲೂ ಇದೇ. 1985ರ ಜಿಪ್ಸಿಗೆ 970 ಸಿಸಿ ಎಂಜಿನ್, 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ. 2023ರಲ್ಲಿ ಬಂದ ಜಿಮ್ನಿಗೆ 1.5 ಲೀಟರ್. ಜಿಪ್ಸಿಯ ಗುಣದಲ್ಲಿ ಜಿಮ್ನಿಗೆ ಉಳಿದದ್ದು ಏಣಿಯಂಥ ಲ್ಯಾಡರ್ ಚಾಸಿ, ಮುಂದೆ ಹಿಂದೆ ಒಂದೇ ತುಂಡಿನ ಆಕ್ಸಲ್, ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರು. ಉಳಿದಂತೆ ಬೇರೆ ಗಾಡಿ.

ಕಾರುಗಳಲ್ಲಂತೂ ಇದು ಇನ್ನೂ ಮಜಾ. ‘ಸ್ವಿಫ್ಟ್ ಡೀಸೆಲ್ ಬಿಟ್ಟರೆ ಬೇರೆ ಮುಟ್ಟಲ್ಲ’ ಅನ್ನುವವರು ಎಷ್ಟೋ ಜನ. ಅದರಲ್ಲಿದ್ದ 1.3 ಲೀಟರ್ ಡೀಸೆಲ್ ಮೂಲತಃ ಫಿಯೆಟ್‌ನದು. ಅದೇ ಎಂಜಿನ್ ಫಿಯೆಟ್ ಪುಂಟೋದಲ್ಲೂ ಇತ್ತು, ಟಾಟಾ ವಿಸ್ಟಾದಲ್ಲೂ ಇತ್ತು. ಪುಂಟೋವನ್ನು ಬೈದು ಸ್ವಿಫ್ಟನ್ನು ಹೊಗಳಿದವರು ಒಂದೇ ಎಂಜಿನ್ನನ್ನು ಎರಡು ಬಾಯಲ್ಲಿ ಮಾತಾಡಿದಂತಾಯಿತು. ಬದಲಾದದ್ದು ಸರ್ವಿಸ್ ಮತ್ತು ಬಿಡಿಭಾಗದ ಸಲೀಸು. ಅದು ಸಣ್ಣ ವಿಷಯವೂ ಅಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ನಿಮಗೆ ಇಷ್ಟವಾದ ಗಾಡಿಯ ಮಾಡೆಲ್ ಯಾವುದು, ಯಾವ ವರ್ಷದ್ದು, ಎಂಜಿನ್ ಯಾವುದು, ಗೇರ್ ಬಾಕ್ಸ್ ಯಾವುದು, ಅದನ್ನು ಸರಿಮಾಡುತ್ತಿದ್ದವರು ಯಾರು. ಈಗ ಕೊಳ್ಳಲು ಹೊರಟಿರುವ ಗಾಡಿಯ ವಿವರವನ್ನು ಪಕ್ಕದಲ್ಲಿ ಬರೆಯಿರಿ. ಐದರಲ್ಲಿ ಮೂರಾದರೂ ಹೊಂದಿದರೆ ಹಳೆಯ ಅನುಭವ ಕೆಲಸಕ್ಕೆ ಬರುತ್ತದೆ. ಹೆಸರೊಂದೇ ಹೊಂದಿದರೆ ನೀವು ಹೊಸ ಕಂಪನಿಯ ಗಾಡಿ ಕೊಳ್ಳುತ್ತಿದ್ದೀರಿ ಎಂದೇ ತಿಳಿದು ಮುಂದುವರಿಯಿರಿ.

ಗಾಡಿ ನೋಡುವ ಮೊದಲು ಅಂಗಡಿ ನೋಡಿ

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಈ ಸಾಮಾನುಗಳನ್ನು ಮಾಡೆಲ್ ಮತ್ತು ವರ್ಷ ಹೇಳಿ ಕೇಳಿ: ಕ್ಲಚ್ ಪ್ಲೇಟ್ ಮತ್ತು ಪ್ರೆಷರ್ ಪ್ಲೇಟ್, ವಾಟರ್ ಪಂಪ್, ಮುಂದಿನ ಚಕ್ರದ ನಕಲ್ ಆಯಿಲ್ ಸೀಲ್, ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್, ವೀಲ್ ಸಿಲಿಂಡರ್ ಕಿಟ್, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಸೀಲು, ಆಕ್ಸಲ್ ಒಳಗಿನ ಜೋಡಿ ಗೇರಾದ ಕ್ರೌನ್ ಪಿನಿಯನ್. ‘ಸಿಗುತ್ತಾ ಅಣ್ಣ?’ ಅಂತ ಕೇಳಬೇಡಿ, ಯಾರೂ ಇಲ್ಲ ಅನ್ನುವುದಿಲ್ಲ. ‘ಈಗ ಕಪಾಟಿನಲ್ಲಿ ಇದೆಯಾ? ಇಲ್ಲದಿದ್ದರೆ ಎಷ್ಟು ದಿನಕ್ಕೆ ಬರುತ್ತೆ? ಕಂಪನಿದಾ, ಲೋಕಲ್ಲಾ?’ ಅಂತ ಕೇಳಿ. ಮೊದಲ ಆರು ಸಾಮಾನು ಅದೇ ದಿನ ಸಿಗಬೇಕು. ಕ್ರೌನ್ ಪಿನಿಯನ್ ಬೆಂಗಳೂರಿನಿಂದ ಬಂದರೂ ಪರವಾಗಿಲ್ಲ, ಅದು ದಿನಾ ಹೋಗುವ ಸಾಮಾನಲ್ಲ.

ಅದೇ ಊರಿನಲ್ಲಿ ಆ ಗಾಡಿಯ ಗೇರ್ ಬಾಕ್ಸ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಕಡೇಪಕ್ಷ ಇಬ್ಬರಿರಬೇಕು. ಒಬ್ಬರೇ ಆದರೆ ಕಾಫಿ ಕೊಯ್ಲಿನ ನವೆಂಬರ್‌ನಿಂದ ಫೆಬ್ರವರಿಯವರೆಗೆ ಅವರ ಗ್ಯಾರೇಜಿನ ಮುಂದೆ ಸಾಲು ನಿಂತಿರುತ್ತದೆ, ಆಳುಗಳನ್ನು ತೋಟಕ್ಕೆ ಸಾಗಿಸುವ ಗಾಡಿ ಆಗಲೇ ಕೆಡುತ್ತದೆ.

ಕಂಪನಿ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಡರ್ ನಿಲ್ಲಿಸಿದ್ದು 2014ರಲ್ಲಿ, ಜನರಲ್ ಮೋಟಾರ್ಸ್ ಷೆವರ್ಲೆ ಮಾರಾಟ ನಿಲ್ಲಿಸಿದ್ದು 2017ರ ಕೊನೆಗೆ, ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿದ್ದು 2021ರಲ್ಲಿ. ಇಂಥ ಗಾಡಿಗಳ ಅಭಿಮಾನಿಗಳು ಇನ್ನೂ ಇದ್ದಾರೆ, ಗಾಡಿಗಳೂ ಚೆನ್ನಾಗಿವೆ. ಫಿಲ್ಟರು, ಬ್ರೇಕ್ ಪ್ಯಾಡ್ ಸಿಗುತ್ತವೆ. ಮೊದಲು ಕೊರತೆ ಬರುವುದು ಹೆಡ್‌ಲೈಟು, ಬಂಪರು, ಗಾಜು, ಎಲೆಕ್ಟ್ರಾನಿಕ್ ಮಾಡ್ಯೂಲಿನಂಥ ಆ ಮಾಡೆಲ್ಲಿಗೇ ಮೀಸಲಾದ ಸಾಮಾನಿಗೆ. ಜೀಪಿನ ಬಾಡಿಯ ವಿಷಯದಲ್ಲಿ ಆ ಚಿಂತೆ ಇಲ್ಲ. ತಗಡು ಸಪಾಟು, ಗಾಜು ಸಪಾಟು, ಊರಿನ ಟಿಂಕರಿಂಗ್ ಶೆಡ್ಡಿನಲ್ಲೇ ಮಡ್‌ಗಾರ್ಡ್ ಬಡಿದು ಕೊಡುತ್ತಾರೆ.

ನಿಮ್ಮ ಕೆಲಸಕ್ಕೆ ಯಾವುದು

ಇಲ್ಲಿ ಜಗಳ ಬೇಡ, ಜೀಪೂ ಜಿಪ್ಸಿಯೂ ಬೇರೆ ಬೇರೆ ಕೆಲಸದ ಗಾಡಿ. ಕಣದಿಂದ ಐವತ್ತು ಕಿಲೋದ ಹತ್ತು ಚೀಲ ಹೇರಿ ಏರು ಹತ್ತಿಸಬೇಕು, ಟ್ರೇಲರ್ ಎಳೆಯಬೇಕು ಅಂದರೆ ಜೀಪಿನ ಡೀಸೆಲ್. ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ, ಎಂಜಿನ್ ಅರಚಿಸಬೇಕಾಗಿಲ್ಲ. ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಹಗುರ ಗಾಡಿ. ಕೆಸರಿನಲ್ಲಿ ಹೂಳುವುದು ಕಡಿಮೆ, ಕಿರಿದಾದ ತೋಟದ ದಾರಿಯಲ್ಲಿ ನುಸುಳುತ್ತದೆ. ಆದರೆ ಏರಿನಲ್ಲಿ ಸುತ್ತು ಇಳಿಯಲು ಬಿಟ್ಟರೆ ಸುಮ್ಮನಾಗುತ್ತದೆ. ಚೀಲ ಹೇರಿದರೆ ಹಿಂದಿನ ಸ್ಪ್ರಿಂಗ್ ಕೂರುತ್ತದೆ, ಪೆಟ್ರೋಲ್ ಖರ್ಚೂ ಜಾಸ್ತಿ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡಿ ಜಿಪ್ಸಿ ಹುಚ್ಚು ಹತ್ತಿಸಿಕೊಂಡವರು ಅದನ್ನು ಗೊಬ್ಬರ ಸಾಗಿಸಲು ಬಳಸಿ ಬೈಯುವುದು ನ್ಯಾಯವಲ್ಲ.

ಹೊಗೆಯ ಹೊಸ ನಿಯಮಕ್ಕೆ ಹೊಂದಿದ, ಹೊಸ ಕಾಲದ ಬಿಎಸ್6 ಡೀಸೆಲ್ ನೋಡುತ್ತಿದ್ದರೆ ಒಂದು ಎಚ್ಚರ. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗೆ ಅಂತ ಎರಡು ಕಿಲೋಮೀಟರ್ ಮೊದಲನೇ ಗೇರಿನಲ್ಲೇ ಓಡಿದರೆ ಆ ಮಸಿ ಸುಡುವಷ್ಟು ಬಿಸಿ ಏರುವುದೇ ಇಲ್ಲ, ಫಿಲ್ಟರ್ ಕಟ್ಟಿ ಎಚ್ಚರಿಕೆ ದೀಪ ಹತ್ತುತ್ತದೆ. ವಾರಕ್ಕೊಮ್ಮೆಯಾದರೂ ಹಾಸನ–ಸಕಲೇಶಪುರ ಹೆದ್ದಾರಿಯಂಥ ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮ ವೇಗದಲ್ಲಿ ಓಡಿಸಲು ಆಗದವರಿಗೆ ಅದು ಸರಿಯಾದ ಗಾಡಿಯಲ್ಲ. ಶೆಡ್ಡಿನ ಇಲಿಗಳಿಗೂ ಹೊಸ ಗಾಡಿಯ ವೈರಿಂಗ್ ಬಲು ಇಷ್ಟ.

ಚಾಸಿ: ಸುತ್ತಿಗೆ ಹಿಡಿದು ಕೆಳಗೆ ಮಲಗಿ

ಎಂಜಿನ್ ಹೋದರೆ ಕಟ್ಟಬಹುದು, ಚಾಸಿ ತಿಂದುಹೋಗಿದ್ದರೆ ಗಾಡಿ ಬಿಡಿ. ಮಲೆನಾಡಿನ ಗಾಡಿಗೆ ತುಕ್ಕು ಹಿಡಿಯುವುದು ಕಾಣುವ ಕಡೆ ಅಲ್ಲ. ಚಾಸಿಯ ಪೆಟ್ಟಿಗೆಯೊಳಗೆ ಕೆಸರು ಸೇರಿ ಜನವರಿವರೆಗೂ ಒದ್ದೆಯಾಗೇ ಇರುತ್ತದೆ, ಒಳಗಿನಿಂದ ಹೊರಗೆ ತಿನ್ನುತ್ತದೆ. ನೋಡಬೇಕಾದ ಜಾಗಗಳು: ಲೀಫ್ ಸ್ಪ್ರಿಂಗಿನ ಶ್ಯಾಕಲ್ ಚಾಸಿಗೆ ಸೇರುವ ಬ್ರಾಕೆಟ್, ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಭಾಗ, ಕಟ್ಟಕಡೆಯ ಅಡ್ಡಪಟ್ಟಿ, ಬಾಡಿ ಮೌಂಟಿನ ರಬ್ಬರ್ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ. ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಏಟು ಹಾಕುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದದ್ದು ದಬ್ ಅನ್ನುತ್ತದೆ. ದಬ್ ಅಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ, ಒಳಗೆ ಇಳಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಇಡೀ ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಅನುಮಾನ ಪಡಿ. ಮಾರುವ ವಾರವೇ ಯಾರೂ ತುಕ್ಕಿನ ಬಗ್ಗೆ ಅಷ್ಟು ಕಾಳಜಿ ಮಾಡುವುದಿಲ್ಲ. ಜಿಪ್ಸಿಯಲ್ಲಿ ಮ್ಯಾಟ್ ಎತ್ತಿ ಡ್ರೈವರ್ ಕಾಲಿನ ತಳ, ಮುಂದಿನ ಗಾಜಿನ ಕೆಳಗಿನ ಸಂದು, ಬಾಗಿಲಿನ ಕೆಳ ಅಂಚು ನೋಡಲೇಬೇಕು. ಬಾಡಿ ತಗಡು ಹೋಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಅದು ಟಿಂಕರಿಂಗ್ ಖರ್ಚು ಅಷ್ಟೇ.

ಸಾಧ್ಯವಾದರೆ ಮಳೆಗಾಲದಲ್ಲೇ ಗಾಡಿ ನೋಡಿ. ಸೋರುವುದು, ಜಾರುವುದು, ಬೆಳಗ್ಗೆ ಸ್ಟಾರ್ಟ್ ಆಗದಿರುವುದು ಎಲ್ಲವೂ ಆಗ ತಾನಾಗೇ ಕಾಣುತ್ತದೆ.

ಮುಂದಿನ ಆಕ್ಸಲ್, ಮತ್ತು ಯಾರೂ ಮಾಡದ ಒಂದು ಲೆಕ್ಕ

ಮುಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿ. ಟಯರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಆಟ, ಅಂದರೆ ಸಡಿಲು, ಇದ್ದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ ಬೇರಿಂಗ್ ಹೋಗಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್ ಪಿನ್. ಎಡಬಲ ಹಿಡಿದು ಅಲುಗಿಸಿದಾಗ ಆಟ ಬಂದರೆ ಟೈ ರಾಡ್ ಎಂಡ್. ಜಿಪ್ಸಿಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ನಡುಗುತ್ತದಲ್ಲ, ಅದಕ್ಕೆ ಕಾರಣ ಸಾಮಾನ್ಯವಾಗಿ ಇವೇ. ಬರೀ ಸ್ಟೀರಿಂಗ್ ಡ್ಯಾಂಪರ್ ಬದಲಿಸಿದರೆ ನಡುಕ ಒಂದಷ್ಟು ದಿನ ಅಡಗುತ್ತದೆ, ಹೋಗುವುದಿಲ್ಲ. ಕಿಂಗ್ ಪಿನ್ ಬೇರಿಂಗ್ ಹಾಕಿ, ಬಿಗಿ ಹೊಂದಿಸುವ ತೆಳು ತಗಡಾದ ಶಿಮ್ ಸರಿಹೊಂದಿಸಿ, ಆಮೇಲೆ ವೀಲ್ ಬ್ಯಾಲೆನ್ಸ್ ಮಾಡಿಸಬೇಕು.

ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಆಯಿಲ್ ಒಂದಿಷ್ಟು ತೆಗೆಸಿ ನೋಡಿ. ಹಾಲು ಕಾಫಿ ಬಣ್ಣ ಇದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಮೇಲಿನ ಗಾಳಿ ಕಿಂಡಿಯಾದ ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಆ ಎಳೆತಕ್ಕೆ ಸೀಲಿನ ಸಂದಿನಿಂದ ನೀರು ಒಳಬರುತ್ತದೆ. ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಎಂಜಿನ್ ಮಟ್ಟಕ್ಕೆ ಎತ್ತಿ ಕಟ್ಟಿದರೆ ಈ ಕಾಯಿಲೆ ಮತ್ತೆ ಬರುವುದು ಅಪರೂಪ.

ಇನ್ನು ಲೆಕ್ಕ. ನಮ್ಮ ಕಡೆಯ ಹಳೆಯ ಜೀಪುಗಳಲ್ಲಿ ಒಂದು ಗಾಡಿಯ ಮುಂದಿನ ಆಕ್ಸಲ್, ಇನ್ನೊಂದರ ಹಿಂದಿನ ಆಕ್ಸಲ್ ಜೋಡಿಸಿರುವುದು ಹೊಸತಲ್ಲ. ಎರಡರ ಕ್ರೌನ್ ಪಿನಿಯನ್ ಅನುಪಾತ ಬೇರೆಯಾಗಿದ್ದರೆ ಫೋರ್ ವೀಲ್ ಹಾಕಿದೊಡನೆ ಮುಂದಿನ ಚಕ್ರ ಒಂದು ವೇಗ, ಹಿಂದಿನ ಚಕ್ರ ಒಂದು ವೇಗ ಕೇಳುತ್ತವೆ, ಪೆಟ್ಟು ಟ್ರಾನ್ಸ್‌ಫರ್ ಕೇಸಿಗೆ. ಪತ್ತೆ ಹೀಗೆ: ಹಿಂದಿನ ಒಂದು ಚಕ್ರ ಬಿಟ್ಟು ಉಳಿದ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಗೇರು ಮತ್ತು ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿ. ಕೆಲವು ಹಳೆಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನೇ, ಬಿಡದಿದ್ದರೆ ಅದು ತಿರುಗುವುದಿಲ್ಲ. ಆ ಹಿಂದಿನ ಒಂದು ಚಕ್ರ ಮಾತ್ರ ಎತ್ತಿ. ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಇನ್ನೊಂದು ಚಕ್ರ ನೆಲದಲ್ಲಿ ಕಚ್ಚಿರುವುದರಿಂದ ಎರಡು ಸುತ್ತಿಗೆ ಬಂದ ಸಂಖ್ಯೆಯೇ ಅನುಪಾತ. ಐದಕ್ಕೆ ಚೂರು ಕಡಿಮೆ ಬಂದರೆ 4.88, ನಾಲ್ಕೂ ಕಾಲರ ಮೇಲೆ ಚೂರು ಬಂದರೆ 4.3ರ ಆಸುಪಾಸು. ಮುಂದಿನ ಆಕ್ಸಲ್ಲಿಗೂ ಹೀಗೇ ಮಾಡಿ. ಅಲ್ಲಿ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಫ್ರೀ ವೀಲ್ ಹಬ್ ಇದ್ದರೆ ಎರಡನ್ನೂ ಲಾಕ್ ಮಾಡಿರಬೇಕು. ಎರಡೂ ಸಂಖ್ಯೆ ಒಂದೇ ಬರಬೇಕು.

ಆಮೇಲೆ ಓಡಿಸಿ ನೋಡಿ, ಆದರೆ ಡಾಂಬರಿನ ಮೇಲೆ ಬೇಡ. ಈ ಗಾಡಿಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ಗಟ್ಟಿ ರಸ್ತೆಯ ತಿರುವಿನಲ್ಲಿ ಹಲ್ಲುಗಳು ಬಿಗಿದುಕೊಂಡು ಲಿವರ್ ಈಚೆಗೆ ಬರುವುದೇ ಇಲ್ಲ. ಒದ್ದೆ ಮಣ್ಣಿನ ದಾರಿಯಲ್ಲಿ ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಮಾಮೂಲಿ ಗೇರು, ಹಾಕಿ ನೂರು ಮೀಟರ್ ನೆಟ್ಟಗೆ ಹೋಗಿ. ನಿಲ್ಲಿಸಿ, ಲೋ ರೇಂಜಿನ ಫೋರ್ ಲೋ ಹಾಕಿ ಏರು ಹತ್ತಿಸಿ, ಅರ್ಧದಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಬಿಡಿ. ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಒಳಗಿನ ಗೇರಿನ ಹಲ್ಲೋ ಫೋರ್ಕೋ ಸವೆದಿದೆ. ಚಾರ್ಮಾಡಿ ಘಾಟಿ ಇಳಿಯುವಾಗ ಹೀಗಾದರೆ ಎಂಜಿನ್ ಬ್ರೇಕ್ ಇರುವುದಿಲ್ಲ, ಡ್ರಮ್ ಬ್ರೇಕೊಂದೇ ಗತಿ.

ಎಂಜಿನ್

ಮಾರುವವರಿಗೆ ಮುಂಚೆಯೇ ಹೇಳಿ, ನೀವು ಹೋಗುವವರೆಗೆ ಸ್ಟಾರ್ಟ್ ಮಾಡಬಾರದು. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ಪೂಜೋ ಎಂಜಿನ್ನಿಗೆ ಹೀಟರ್ ಪ್ಲಗ್ ಇದೆ, ಕಾದ ಮೇಲೆ ಸ್ಟಾರ್ಟ್ ಆಗಬೇಕು. ಡಿಐ ನೇರ ಹಿಡಿಯಬೇಕು. ಚಳಿಯಲ್ಲಿ ಮೊದಲು ಬಿಳಿ ಹೊಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಅಥವಾ ಪಂಪ್ ಟೈಮಿಂಗ್ ತೊಂದರೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಹೆಚ್ಚಿನ ಸಲ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್, ಅದಕ್ಕೆ ಹೆದರಬೇಡಿ, ಕ್ಯಾಲಿಬ್ರೇಷನ್ ಮಾಡಿಸಿದರೆ ಹೋಗುತ್ತದೆ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ತೂತಿನ ಮೇಲಿಡಿ. ಕುಣಿದು ಹಾರಿಬಿದ್ದರೆ ರಿಂಗ್, ಸಿಲಿಂಡರ್ ಸವೆದಿದೆ, ಎಂಜಿನ್ ಬೋರಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಜಿಪ್ಸಿಗೆ ಟೈಮಿಂಗ್ ಬೆಲ್ಟ್ ಇದೆ. ಯಾವಾಗ ಬದಲಿಸಿದರು ಎಂಬ ದಾಖಲೆ ಇಲ್ಲದಿದ್ದರೆ ಟೆನ್ಷನರ್ ಸಮೇತ ಮೊದಲ ವಾರವೇ ಹೊಸದು ಹಾಕಿಸಿ. ಕಾರ್ಬುರೇಟರ್ ಜಿಪ್ಸಿ ಮಳೆಯಲ್ಲಿ ಮಿಸ್ ಹೊಡೆದರೆ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಕೈಯಿಂದ ಮುಟ್ಟದೆ ಪ್ಲಗ್ ವೈರುಗಳ ಮೇಲೆ ದೂರದಿಂದ ನೀರು ಚಿಮುಕಿಸಿ. ಕಿಡಿ ಹಾರುವ ವೈರು ಯಾವುದೆಂದು ಕಣ್ಣಿಗೇ ಕಾಣುತ್ತದೆ.

ಕಾಗದ

ಅಭಿಮಾನಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಚಾಸಿ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದು ಆರ್‌ಸಿಯೊಂದಿಗೆ ತಾಳೆ ನೋಡಿ, ಎಂಜಿನ್ ನಂಬರೂ ಹಾಗೆಯೇ. ಕೆಲವು ಸಿಜೆ 3ಬಿಗಳಲ್ಲಿ ಆರ್‌ಸಿ ಪೆಟ್ರೋಲ್ ಎನ್ನುತ್ತದೆ, ಒಳಗೆ ಡೀಸೆಲ್ ಕೂತಿರುತ್ತದೆ. ಟೂ ವೀಲ್ ಡ್ರೈವ್ ಗಾಡಿಗೆ ಮುಂದಿನ ಆಕ್ಸಲ್ ಸೇರಿಸಿದ್ದೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಗಾಡಿ ಓಡಿಸಲು ಯೋಗ್ಯ ಎನ್ನುವ ಎಫ್‌ಸಿಯಲ್ಲೂ ಇನ್ಶೂರೆನ್ಸ್‌ನಲ್ಲೂ ತಕರಾರು. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು ನವೀಕರಣ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರಂ 35. ಕೆಎ-13, ಕೆಎ-18, ಕೆಎ-46 ಯಾವುದೇ ಇರಲಿ, ಆರ್‌ಸಿ ಅವಧಿ ಮುಗಿದ ಗಾಡಿಗೆ ನವೀಕರಣ ಮಾಡಿಸುವ ಹೊಣೆ ಮಾರುವವರದ್ದೇ ಆಗಲಿ, ಪೂರ್ತಿ ದುಡ್ಡು ಆಮೇಲೆ.

ತಂದ ಮೇಲೆ

ಎಲ್ಲ ಆಯಿಲ್ ಬದಲಿಸಿ. ಯಾವ ಹೌಸಿಂಗ್ ಆದರೂ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿ, ಅದು ಬಂದ ಮೇಲೆ ಕೆಳಗಿನ ಡ್ರೈನ್ ಬಿಚ್ಚಿ. ಉಲ್ಟಾ ಮಾಡಿದರೆ ಆಯಿಲ್ ಖಾಲಿಯಾಗಿ, ಮೇಲಿನ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಡಿಫರೆನ್ಷಿಯಲ್ಲಿಗೆ 80ಡಬ್ಲ್ಯು-90 ಜಿಎಲ್-5 ದರ್ಜೆಯ ಗೇರ್ ಆಯಿಲ್. ಹಿತ್ತಾಳೆ ಸಿಂಕ್ರೊ ರಿಂಗ್ ಇರುವ ಗೇರ್ ಬಾಕ್ಸಿಗೆ ಜಿಎಲ್-4, ಜಿಎಲ್-5ರ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು. ತುಂಬುವ ತೂತಿನಿಂದ ಹೊರಚೆಲ್ಲುವವರೆಗೆ ಹಾಕಿ. ಹಳೆಯ ಜೀಪಿನಲ್ಲಿ ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಆಯಿಲ್ ಹರಿದುಹೋಗುವ ಅಭ್ಯಾಸ ಇದೆ, ಹಾಗಾಗಿ ಎರಡರ ಮಟ್ಟವನ್ನೂ ತಿಂಗಳಿಗೊಮ್ಮೆ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗೆ ವರ್ಷಕ್ಕೊಮ್ಮೆ ಬದಲಿಸುವುದು ಅತಿಯಲ್ಲ.

ನಿಷ್ಠೆ ಸರಿಯೇ ಎಂದು ತಿಳಿಯಲು ಒಂದು ವರ್ಷ ಪುಸ್ತಕದಲ್ಲಿ ಮೂರು ಕಂಬ ಎಳೆದು ಖರ್ಚು ಬರೆಯಿರಿ. ಒಂದರಲ್ಲಿ ಟಯರು, ಬ್ರೇಕ್ ಲೈನಿಂಗ್, ಕ್ಲಚ್ಚಿನಂಥ ಸವೆಯುವ ಸಾಮಾನು. ಎರಡರಲ್ಲಿ ತುಕ್ಕು, ರಬ್ಬರು, ವೈರಿಂಗಿನಂಥ ವಯಸ್ಸಿನ ಖರ್ಚು. ಮೂರರಲ್ಲಿ ಒಂದೇ ಸಾಮಾನು ಸರಿಯಾಗಿ ಹಾಕಿದ ಮೇಲೂ ಮತ್ತೆ ಮತ್ತೆ ಹೋದದ್ದು. ಪಕ್ಕದಲ್ಲಿ ಗಾಡಿ ಎಷ್ಟು ದಿನ ನಿಂತಿತ್ತು ಅಂತ ಬರೆಯಿರಿ. ಕೈಯಾರೆ ಕಟ್ಟಿದ ಗಾಡಿಯ ಮೇಲೆ ಮಮತೆ ಬೆಳೆಯುತ್ತದೆ, ಮೂರನೇ ಕಂಬದ ಖರ್ಚನ್ನು ಮನಸ್ಸು ಎರಡನೇ ಕಂಬಕ್ಕೆ ತಳ್ಳುತ್ತದೆ, ಪುಸ್ತಕ ಬೇಕಾಗಿರುವುದೇ ಅದಕ್ಕೆ. ಕಂಪನಿಯನ್ನು ಅಳೆಯಬೇಕಾದದ್ದು ಮೂರನೇ ಕಂಬ ಮತ್ತು ನಿಂತ ದಿನಗಳಿಂದ ಮಾತ್ರ. ಪಕ್ಕದ ತೋಟದವರ ಬೇರೆ ಕಂಪನಿ ಗಾಡಿಗೂ ಇದೇ ಪುಸ್ತಕ ಇಡಿಸಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಗಾಡಿಯಲ್ಲಿ ಇಡಬೇಕಾದದ್ದು: ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ರೇಡಿಯೇಟರ್ ಹೋಸ್, ಡೀಸೆಲ್ ಫಿಲ್ಟರ್, ಒಂದು ಕ್ರಾಸ್, ಫ್ಯೂಸು, ಒಂದು ಲೀಟರ್ ಎಂಜಿನ್ ಆಯಿಲ್, ಐದು ಲೀಟರ್ ನೀರು, ಹಿಂದಿನ ಟಯರುಗಳಿಗೆ ಒಂದು ಜೊತೆ ಚೈನು. ಚೈನು ಕೆಸರಿಗೆ ಇಳಿಯುವ ಮೊದಲೇ ಕಟ್ಟಿ, ಹೂತ ಮೇಲೆ ಕಟ್ಟಲು ಕೈ ಹೋಗುವುದಿಲ್ಲ. ಡಾಂಬರು ಬಂದ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಟಯರನ್ನೂ ರಸ್ತೆಯನ್ನೂ ಕೊರೆಯುತ್ತದೆ. ಜ್ಯಾಕ್ ಕೆಳಗಿಡಲು ಒಂದಡಿ ಚೌಕದ ದಪ್ಪ ಹಲಗೆಯೂ ಇರಲಿ, ಮಳೆಗಾಲದ ತೋಟದ ಮಣ್ಣಿನಲ್ಲಿ ಬರೀ ಜ್ಯಾಕ್ ಇಟ್ಟರೆ ಗಾಡಿ ಮೇಲೇಳುವ ಬದಲು ಜ್ಯಾಕೇ ಕೆಳಗೆ ಇಳಿಯುತ್ತದೆ.